ವಿಲಿಯಂ ಆರ್ಥರ್ ಮತ್ತು ನಮ್ಮ ಗುಬ್ಬಿ

ದೇವರ ವಿಚಾರವಾಗಿ ಇಬ್ಬರು ಮಾತಿಗೆ ನಿಂತರೆ ಸಾಮಾನ್ಯವಾಗಿ ಎರಡರಲ್ಲೊಂದು ಆಗುತ್ತದೆ. ಇಬ್ಬರೂ ಒಂದೇ ಮತದವರಾದರೆ ತಲೆದೂಗಿ ಎದ್ದುಹೋಗುತ್ತಾರೆ. ಬೇರೆ ಬೇರೆ ಮತದವರಾದರೆ ಜಗಳವಾಡಿ ಎದ್ದುಹೋಗುತ್ತಾರೆ. ಜಗಳ ಬೇಡವೆನ್ನುವ ಸಭ್ಯರು ಎಲ್ಲ ಮತಗಳೂ ಒಂದೇ ಎಂದು ಹೇಳಿ ಮಾತನ್ನು ಅಲ್ಲಿಗೇ ಮುಗಿಸಿಬಿಡುತ್ತಾರೆ. ತನಗೆ ಸತ್ಯವೆಂದು ತೋರಿದ್ದನ್ನು ಮರೆಮಾಚದೆ, ಎದುರಿಗಿರುವವನ ಮನಸ್ಸನ್ನೂ ನೋಯಿಸದೆ, ತನ್ನ ನಂಬಿಕೆಯನ್ನು ನಂಬದವನ ಮುಂದೆ ಇಡುವುದು ಬಲು ಕಷ್ಟದ ವಿದ್ಯೆ. ಈ ವಿದ್ಯೆಯನ್ನು ನಮ್ಮ ಜಿಲ್ಲೆಯ ಗುಬ್ಬಿಯಲ್ಲಿ ಕಲಿಯಲು ಯತ್ನಿಸಿದ ಒಬ್ಬ ಪರದೇಶದ ಪಾದ್ರಿಯ ಜೀವನವನ್ನು ಸಹಪಾಠಿ ಮಿತ್ರರ ಮತ್ತು ಗುರುಗಳ ಮುಂದೆ ಇಡಬೇಕೆಂಬುದು ನನ್ನ ಆಸೆ. ಅವರ ಹೆಸರು ವಿಲಿಯಂ ಆರ್ಥರ್. ತಮ್ಮ ಕಾಲದಲ್ಲಿ ಇಂಗ್ಲೆಂಡ್, ಐರ್ಲೆಂಡ್ ಮತ್ತು ಅಮೆರಿಕಗಳ ಮೆಥಡಿಸ್ಟ್ ಪಂಥದವರಲ್ಲಿ ಅವರ ಹೆಸರನ್ನು ಕೇಳದವರು ವಿರಳ. ಅವರು ಬಂದು ನಿಂತ ಗುಬ್ಬಿಯಲ್ಲಿ ಇಂದು ಆ ಹೆಸರನ್ನು ಬಲ್ಲವರು ಅದಕ್ಕಿಂತ ವಿರಳ.

ನಾನು ಗುಬ್ಬಿ ತಾಲ್ಲೂಕಿನವನು, ಕ್ರೈಸ್ತನಲ್ಲ. ಆದ್ದರಿಂದ ನಾನು ಇಲ್ಲಿ ಬರೆಯುವುದು ಅವರ ಮತವನ್ನು ಎತ್ತಿಹಿಡಿಯಲೂ ಅಲ್ಲ, ತೆಗಳಲೂ ಅಲ್ಲ. ನಮ್ಮ ಹಿರಿಯರ ಮನೆಬಾಗಿಲಿಗೆ ಬಂದು ಮಾತನಾಡಿಸಿದವರು ಎಂತಹವರು, ಆ ಮಾತು ಹೇಗೆ ನಡೆಯಿತು ಎಂಬುದಷ್ಟೇ ನನ್ನ ಕುತೂಹಲ.

ಆರ್ಥರರು 1819ನೆಯ ಇಸವಿ ಫೆಬ್ರವರಿ 3ರಂದು ಐರ್ಲೆಂಡಿನ ಉತ್ತರ ಭಾಗದ ಆಂಟ್ರಿಂ ಪ್ರಾಂತದ ಕೆಲ್ಸ್ ಎಂಬಲ್ಲಿ ಜನಿಸಿದರು. ಬಾಲ್ಯದ ಬಹುಭಾಗ ಕಳೆದದ್ದು ಪಶ್ಚಿಮ ಸಮುದ್ರದ ಕಡೆಯ ಮೇಯೋ ಪ್ರಾಂತದ ವೆಸ್ಟ್‌ಪೋರ್ಟಿನಲ್ಲಿ. ಆ ಸೀಮೆಯ ಜನರಲ್ಲಿ ಬಹುಮಂದಿ ಕ್ಯಾಥೊಲಿಕರು. ಆರ್ಥರರ ಮನೆಯವರು ಪ್ರಾಟೆಸ್ಟೆಂಟರು. ಸುತ್ತಲಿನವರು ಒಂದು ರೀತಿಯಲ್ಲಿ ನಂಬಿದರೆ ತನ್ನ ಮನೆಯವರು ಇನ್ನೊಂದು ರೀತಿಯಲ್ಲಿ ನಂಬುತ್ತಾರೆಂಬ ತಿಳಿವಳಿಕೆ ಈ ಹುಡುಗನಿಗೆ ಎಳವೆಯಲ್ಲಿಯೇ ಬಂದಿರಬೇಕು. ಅಲ್ಲಿ ಅವರು ಮೆಥಡಿಸ್ಟ್ ಪಂಥವನ್ನು ಸೇರಿದರು. ಹದಿನೆಂಟನೆಯ ಶತಮಾನದಲ್ಲಿ ಜಾನ್ ವೆಸ್ಲಿ ಎಂಬ ಉಪದೇಶಕರಿಂದ ಬೆಳೆದ ಈ ಪಂಥದಲ್ಲಿ ಗುಡಿಯ ಒಳಗೆ ಮಾತ್ರವಲ್ಲದೆ ಬಯಲಿನಲ್ಲಿ, ಸಂತೆಯಲ್ಲಿ, ಗಣಿಗಳ ಬಾಯಿಯಲ್ಲಿ ನಿಂತು ಜನರಿಗೆ ಬೋಧಿಸುವ ಪದ್ಧತಿ ಇತ್ತು. ಆರ್ಥರರು ಇನ್ನೂ ಹದಿನಾರರ ಹರೆಯದಲ್ಲಿರುವಾಗಲೇ ಬೋಧಿಸಲು ಪ್ರಾರಂಭಿಸಿದರು. 1837ರಲ್ಲಿ ಅವರನ್ನು ಲಂಡನ್ನಿನ ಹಾಕ್ಸ್‌ಟನ್ನಿನಲ್ಲಿದ್ದ ವೆಸ್ಲಿಯನ್ ವಿದ್ಯಾಲಯಕ್ಕೆ ಕಳುಹಿಸಲಾಯಿತು. ಎರಡು ವರ್ಷಗಳ ವ್ಯಾಸಂಗ ಮುಗಿಯುತ್ತಲೇ, 1839ರ ಏಪ್ರಿಲ್ 15ರಂದು, ಅವರು ಹಡಗು ಹತ್ತಿದರು. ಆಗ ಅವರ ವಯಸ್ಸು ಇಪ್ಪತ್ತು. ನಮ್ಮ ಕಾಲೇಜಿನ ಕಡೆಯ ವರ್ಷದ ವಿದ್ಯಾರ್ಥಿಯ ವಯಸ್ಸು! ಸೂಯೆಜ್ ಕಾಲುವೆ ತೆರೆಯಲು ಇನ್ನೂ ಮೂವತ್ತು ವರ್ಷಗಳಿದ್ದವು. ಆಫ್ರಿಕಾ ಖಂಡವನ್ನು ಸುತ್ತಿ ಬರುವ ತಿಂಗಳುಗಟ್ಟಲೆಯ ಪ್ರಯಾಣ. ಮದರಾಸಿನಲ್ಲಿ ಇಳಿದು, ಘಟ್ಟವನ್ನು ಏರಿ ಬೆಂಗಳೂರಿಗೆ ಬಂದು, ಅಲ್ಲಿಂದ ಗುಬ್ಬಿಯನ್ನು ಸೇರಬೇಕಾಗಿತ್ತು.

ಆಗಿನ ಮೈಸೂರು ಸೀಮೆಯ ಸ್ಥಿತಿಯನ್ನು ಇಲ್ಲಿ ನೆನೆಯಬೇಕು. 1831ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತವನ್ನು ತೆಗೆದುಕೊಂಡ ಇಂಗ್ಲಿಷರು ಕಮಿಷನರ ಮೂಲಕ ರಾಜ್ಯವಾಳುತ್ತಿದ್ದರು. ಮಾರ್ಕ್ ಕಬ್ಬನ್ನರು 1834ರಿಂದ 1861ರವರೆಗೆ ಕಮಿಷನರಾಗಿದ್ದರು. ವೆಸ್ಲಿಯನ್ ಮಿಷನ್ನಿನವರು 1820ರ ದಶಕದಿಂದಲೇ ಬೆಂಗಳೂರಿನಲ್ಲಿದ್ದರೂ ಅವರ ಕೆಲಸ ಮೊದಮೊದಲು ಹೆಚ್ಚಾಗಿ ದಂಡಿನ ತಮಿಳರ ನಡುವೆ ನಡೆಯಿತು. ಕನ್ನಡಿಗರ ನಡುವೆ ಹೋಗಬೇಕಾದರೆ ಪಟ್ಟಣವನ್ನು ಬಿಟ್ಟು ಒಳನಾಡಿಗೆ ಹೋಗಬೇಕೆಂದು ಕಂಡುಕೊಂಡವರು ಥಾಮಸ್ ಹಾಡ್ಸನ್ನರು. 1837ರಲ್ಲಿ ಅವರು ಗುಬ್ಬಿಯಲ್ಲಿ ನೆಲೆಯೂರಿದರು. ಆ ನೆಲೆಯನ್ನು ಬೆಳೆಸಲೆಂದು ಬಂದವರೇ ತರುಣ ಆರ್ಥರರು.

ಗುಬ್ಬಿಯನ್ನೇ ಏಕೆ ಆರಿಸಿದರು? ತುಮಕೂರಿನಿಂದ ಪಶ್ಚಿಮಕ್ಕೆ ಸುಮಾರು 20 ಕಿಲೋಮೀಟರು ದೂರದ ಈ ಊರು ಅಂದು ದೊಡ್ಡ ವ್ಯಾಪಾರಸ್ಥಳವಾಗಿತ್ತು. ಅಡಿಕೆ, ಕೊಬ್ಬರಿ, ಬಟ್ಟೆಗಳ ವ್ಯಾಪಾರಕ್ಕೆ ಮಲೆನಾಡಿನವರೂ ಬಯಲುಸೀಮೆಯವರೂ ಇಲ್ಲಿ ಕೂಡುತ್ತಿದ್ದರು. ಸುತ್ತಲೂ ಒತ್ತಾಗಿ ಹಳ್ಳಿಗಳು. ಸಂತೆಯ ದಿನ ಒಂದು ಮಾತು ಬಿದ್ದರೆ ಮರುದಿನ ಅದು ನೂರು ಊರುಗಳಿಗೆ ಹೋಗಿಬಿಡುವುದು. ಬೋಧಕನಿಗೆ ಇದಕ್ಕಿಂತ ಒಳ್ಳೆಯ ಸ್ಥಳ ಬೇಕೆ?

ಆದರೆ ಆ ಬೋಧಕರು ಬಂದದ್ದು ಬರಿದಾದ ನೆಲಕ್ಕಲ್ಲ. ಹದಿನಾರನೆಯ ಶತಮಾನದಲ್ಲಿಯೇ ಗುಬ್ಬಿಯ ಮಲ್ಲಣಾರ್ಯನು ಭಾವಚಿಂತಾರತ್ನವನ್ನೂ ವೀರಶೈವಾಮೃತ ಪುರಾಣವನ್ನೂ ಬರೆದು ಈ ಊರಿನ ಹೆಸರನ್ನು ಕನ್ನಡ ಸಾಹಿತ್ಯದಲ್ಲಿ ನಿಲ್ಲಿಸಿದ್ದನು. ಕುಣಿಗಲ್ ತಾಲ್ಲೂಕಿನ ಎಡೆಯೂರಿನಲ್ಲಿ ತೋಂಟದ ಸಿದ್ಧಲಿಂಗ ಯತಿಗಳ ಗದ್ದುಗೆ ಇದೆ. ಅವರ ಪರಂಪರೆಯವರಲ್ಲಿ ತುಮಕೂರಿನ ಪಕ್ಕದ ಗೂಳೂರಿನ ಸಿದ್ಧವೀರಣ್ಣೊಡೆಯರು ಶೂನ್ಯಸಂಪಾದನೆಯನ್ನು ಪರಿಷ್ಕರಿಸಿದವರಲ್ಲಿ ಒಬ್ಬರು. ಶೂನ್ಯಸಂಪಾದನೆ ಎಂದರೇನು? ಅಲ್ಲಮಪ್ರಭುವು ಶರಣರೊಡನೆ ನಡೆಸಿದ ಸಂವಾದಗಳ ಸಂಕಲನ. ಅಲ್ಲಿ ಪ್ರಶ್ನೆಯಿದೆ, ಮರುಪ್ರಶ್ನೆಯಿದೆ, ಕೆಣಕುವುದಿದೆ, ಕಡೆಗೆ ಒಬ್ಬರನ್ನೊಬ್ಬರು ಅರಿಯುವುದಿದೆ. ದೇವರ ವಿಷಯವನ್ನು ಸಂವಾದದ ರೂಪದಲ್ಲಿ ಬಿಡಿಸಿ ನೋಡುವ ಅಭ್ಯಾಸ ಈ ಸೀಮೆಗೆ ಹೊಸತಾಗಿರಲಿಲ್ಲ. ಎದೆಯ ಮೇಲೆ ಇಷ್ಟಲಿಂಗವನ್ನು ಧರಿಸಿದ ಗುಬ್ಬಿಯ ವರ್ತಕನು ದೇವರು ಒಬ್ಬನೇ ಎಂಬ ಮಾತನ್ನು ಕೇಳಿ ಬೆರಗಾಗುವವನಲ್ಲ. ಅವನು ಅದನ್ನು ತನ್ನ ತಾತನಿಂದಲೇ ಕೇಳಿದ್ದವನು. ಹಾಗಾದರೆ ನೀವು ತಂದಿರುವ ಹೊಸ ಸುದ್ದಿ ಏನು ಎಂದು ಅವನು ಕೇಳಬಲ್ಲ. ಇಪ್ಪತ್ತು ವರ್ಷದ ಐರಿಷ್ ತರುಣನಿಗೆ ಎದುರಾದ ಪರೀಕ್ಷೆ ಇಂಥದು.

ಈ ಪರೀಕ್ಷೆಗೆ ಮೊದಲ ಸಿದ್ಧತೆ ಭಾಷೆ. ಇಂದು ನಾವು ಕನ್ನಡ ಕಲಿಯುವ ಪರದೇಶದವರಿಗೆ ಕಿಟ್ಟೆಲ್ ನಿಘಂಟನ್ನು ತೋರಿಸುತ್ತೇವೆ. ಅದು ಅಚ್ಚಾದುದು 1894ರಲ್ಲಿ. ಆರ್ಥರರು ಬಂದಾಗ ಇದ್ದದ್ದು 1820ರ ಮೆಕೆರೆಲ್ಲರ ವ್ಯಾಕರಣ, 1824 ಮತ್ತು 1832ರಲ್ಲಿ ಹೊರಬಂದ ರೀವರ ನಿಘಂಟುಗಳು, ಬಳ್ಳಾರಿಯ ಜಾನ್ ಹ್ಯಾಂಡ್ಸರು ಮತ್ತು ಅವರ ಸಂಗಡಿಗರು ದುಡಿದು ತಂದ ಕನ್ನಡ ಬೈಬಲ್ ಮುಂತಾದ ಕೆಲವೇ ಸಾಧನಗಳು. ಉಳಿದುದನ್ನು ಜನರ ಬಾಯಿಂದಲೇ ಕಲಿಯಬೇಕು. ಆರ್ಥರರು ಬಿಡದೆ ಕಲಿತರು. ದುಭಾಷಿಯನ್ನು ನೆಚ್ಚದೆ ತಾವೇ ಕನ್ನಡದಲ್ಲಿ ಬೋಧಿಸುವಷ್ಟು ಬಲವನ್ನು ಬೇಗನೆ ಪಡೆದರು.

ಭಾಷೆ ಕಲಿಯುವುದು ಬೋಧನೆಗೆ ಒಂದು ಉಪಕರಣ ಮಾತ್ರ ಎಂದು ನಾವು ತಿಳಿಯುತ್ತೇವೆ. ನನಗೆ ಅದು ಅದಕ್ಕಿಂತ ಹೆಚ್ಚಿನದಾಗಿ ಕಾಣುತ್ತದೆ. ಪರಭಾಷೆಯನ್ನು ಕಲಿಯುವವನು ತಿಂಗಳುಗಟ್ಟಲೆ ಶಿಷ್ಯನಾಗಿ ಕುಳಿತಿರಬೇಕು. ದೇವರು, ಪಾಪ, ಪುಣ್ಯ, ಕೃಪೆ, ಮುಕ್ತಿ ಎಂಬ ಮಾತುಗಳನ್ನು ಅವನು ಯಾರಿಗೆ ಬೋಧಿಸಬೇಕೆಂದಿದ್ದಾನೋ ಅವರಿಂದಲೇ ಪಡೆಯಬೇಕು. ಆ ಮಾತುಗಳು ಖಾಲಿ ಪಾತ್ರೆಗಳಲ್ಲ. ಮುಕ್ತಿ ಎಂದರೆ ಕೇಳುವವನಿಗೆ ಒಂದು ಅರ್ಥ ಮೊದಲೇ ಇದೆ; ಪಾಪವೆಂದರೆ ಜನ್ಮಾಂತರದ ಕರ್ಮ ನೆನಪಿಗೆ ಬರುತ್ತದೆ. ಆದ್ದರಿಂದ ಬೋಧಕನು ತಾನು ಹೇಳುವುದಕ್ಕೆ ಮುಂಚೆ ಅವನು ಏನನ್ನು ಕೇಳಿಸಿಕೊಳ್ಳುತ್ತಾನೆಂಬುದನ್ನು ತಿಳಿಯಬೇಕು. ಹೀಗೆ ಕನ್ನಡವೇ ಪಾದ್ರಿಗಳಿಗೆ ವಿನಯವನ್ನು ಕಲಿಸಿತೆಂದರೆ ತಪ್ಪಾಗಲಾರದು.

ಎರಡನೆಯದು ಸ್ಥಳ. ಆರ್ಥರರೂ ಹಾಡ್ಸನ್ನರೂ ಮಾತನಾಡಿದ್ದು ಹೆಚ್ಚಾಗಿ ಬಯಲಿನಲ್ಲಿ: ಪೇಟೆಯ ಬೀದಿ, ಸಂತೆಯ ಮಾಳ, ಹಳ್ಳಿಗಳು. ಇಂಥ ಕಡೆಗಳಲ್ಲಿ ಕೇಳುವವನಿಗೆ ಒಂದು ದೊಡ್ಡ ಸ್ವಾತಂತ್ರ್ಯವಿದೆ. ಮನಸ್ಸಿಗೆ ಒಪ್ಪದಿದ್ದರೆ ಅವನು ಎದ್ದು ಹೋಗಬಲ್ಲ, ಎದುರು ಪ್ರಶ್ನೆ ಹಾಕಬಲ್ಲ, ನಗಬಲ್ಲ. ಬೋಧಕನ ಬಳಿ ಅವನನ್ನು ಹಿಡಿದು ನಿಲ್ಲಿಸುವ ಸಾಧನ ಮಾತಿನ ಸೌಜನ್ಯವೊಂದೇ. ಆರ್ಥರರು ಬರೆದ ಪುಸ್ತಕದಲ್ಲಿ ಇಂಥ ಸಂಭಾಷಣೆಗಳ ವರದಿಗಳಿವೆ. ಅವುಗಳಲ್ಲಿ ನಮ್ಮ ಜನರು ಸುಮ್ಮನೆ ಕೇಳುತ್ತ ಕುಳಿತವರಲ್ಲ. ತರ್ಕ ಮಾಡುತ್ತಾರೆ, ದೃಷ್ಟಾಂತ ಕೊಡುತ್ತಾರೆ. ಬೋಧಕರೂ ದೃಷ್ಟಾಂತದ ಮೂಲಕವೇ ಉತ್ತರ ಹೇಳಬೇಕಾಗುತ್ತದೆ.

ಆದರೆ ಈ ಸ್ವಾತಂತ್ರ್ಯ ಪೂರ್ಣವಾಗಿತ್ತೆಂದು ಹೇಳಿದರೆ ಚರಿತ್ರೆಗೆ ಅನ್ಯಾಯವಾದೀತು. ಆ ಕಾಲದಲ್ಲಿ ಚಿತ್ರದುರ್ಗ ವಿಭಾಗದ ಸೂಪರಿಂಟೆಂಡೆಂಟರಾಗಿ ತುಮಕೂರಿನಿಂದ ಆಡಳಿತ ನಡೆಸುತ್ತಿದ್ದವರು ಡಾಬ್ಸ್ ಎಂಬ ಸೇನಾಧಿಕಾರಿ. ಬೆಂಗಳೂರಿನ ಹೆದ್ದಾರಿಯಲ್ಲಿ ನಾವೆಲ್ಲ ದಾಟಿ ಹೋಗುವ ಡಾಬಸ್‌ಪೇಟೆ ಅವರ ಹೆಸರಿನದೇ. ಪಾದ್ರಿಯ ಕೈಯಲ್ಲಿ ಲಾಠಿ ಇರಲಿಲ್ಲ ನಿಜ. ಆದರೆ ಪಾದ್ರಿಯ ಮೈಬಣ್ಣವೂ ದೊರೆಯ ಮೈಬಣ್ಣವೂ ಒಂದೇ ಎಂಬುದು ಸಂತೆಗೆ ಬಂದ ರೈತನಿಗೆ ಕಾಣದೆ ಇರುತ್ತದೆಯೇ? ಕೇಳುವವನು ತಲೆದೂಗಿದರೆ ಅದು ಮಾತಿಗೋ, ಮರ್ಯಾದೆಗೋ, ಭಯಕ್ಕೋ ಎಂದು ಬೋಧಕನಿಗೆ ಹೇಗೆ ತಿಳಿಯಬೇಕು? ಬಲವಿರುವವನು ತನ್ನ ನಂಬಿಕೆಯನ್ನು ಹೇಳುವಾಗ ಬಲವಿಲ್ಲದವನಿಗಿಂತ ಇಮ್ಮಡಿ ಎಚ್ಚರದಿಂದಿರಬೇಕು. ಈ ಮಾತು ಅಂದಿನ ಇಂಗ್ಲಿಷರಿಗೆ ಮಾತ್ರವಲ್ಲ, ಸಂಖ್ಯೆಯಲ್ಲಿ ಹೆಚ್ಚಿರುವ ಯಾರಿಗೇ ಆದರೂ ಅನ್ವಯಿಸುತ್ತದೆ.

ಗುಬ್ಬಿಯ ಕೆಲಸ ಬೇರೂರುವ ಮೊದಲೇ ಆರ್ಥರರ ಆರೋಗ್ಯ ಕೆಟ್ಟಿತು. ಮುಖ್ಯವಾಗಿ ಕಣ್ಣುಗಳು ಕೈಕೊಟ್ಟವು. 1841ರಲ್ಲಿ ಅವರು ಇಂಗ್ಲೆಂಡಿಗೆ ಮರಳಬೇಕಾಯಿತು. ಗುಬ್ಬಿಯ ವಾಸ ಎರಡು ವರ್ಷಗಳನ್ನೂ ತುಂಬಲಿಲ್ಲ. ಮತ್ತೆ ಅವರು ನಮ್ಮ ನಾಡಿನಲ್ಲಿ ಬಂದು ನೆಲೆಸಲಿಲ್ಲ. ಇಷ್ಟು ಅಲ್ಪಕಾಲ ಇಲ್ಲಿದ್ದವರ ವಿಷಯ ಇಷ್ಟು ಬರೆಯುವುದೇಕೆಂದು ಯಾರಾದರೂ ಕೇಳಬಹುದು. ಇಲ್ಲಿ ಕಂಡದ್ದನ್ನು ಅವರು ಮರೆಯಲಿಲ್ಲವೆಂಬುದೇ ಅದಕ್ಕೆ ಉತ್ತರ. 1847ರಲ್ಲಿ ಅವರು ಮೈಸೂರು ಸೀಮೆಯ ಮಿಷನ್ನನ್ನು ಕುರಿತು ‘ಎ ಮಿಷನ್ ಟು ದಿ ಮೈಸೂರ್’ ಎಂಬ ದೊಡ್ಡ ಪುಸ್ತಕವನ್ನು ಪ್ರಕಟಿಸಿದರು. ಗುಬ್ಬಿ ಎಂಬ ಹೆಸರು ಲಂಡನ್ನಿನ ಓದುಗರಿಗೆ ಪರಿಚಯವಾದದ್ದು ಆ ಪುಸ್ತಕದಿಂದ.

ಆ ಪುಸ್ತಕವನ್ನು ಇಂದು ಗುಬ್ಬಿಯವನೊಬ್ಬ ಓದಿದರೆ ಅವನ ಮನಸ್ಸಿನಲ್ಲಿ ಎರಡು ಭಾವಗಳು ಏಳುತ್ತವೆ, ನನ್ನಲ್ಲಿಯೂ ಎದ್ದವು. ನಮ್ಮ ಜನರ ಬುದ್ಧಿ, ನಯ, ನಡೆನುಡಿಗಳನ್ನು ಹತ್ತಿರದಿಂದ ನೋಡಿ ಮೆಚ್ಚಿದ ತರುಣನೊಬ್ಬ ಅಲ್ಲಿದ್ದಾನೆ. ಅದೇ ಪುಟಗಳಲ್ಲಿ ನಮ್ಮ ದೇವರುಗಳನ್ನು, ಪೂಜೆಯನ್ನು, ಆಚಾರವನ್ನು ಕಟುವಾದ ಮಾತುಗಳಿಂದ ಖಂಡಿಸುವ ಮತಾಭಿಮಾನಿಯೂ ಇದ್ದಾನೆ. ಓದುತ್ತ ಹೋದಂತೆ ಕೆಲವು ಕಡೆ ಪುಸ್ತಕವನ್ನು ಮುಚ್ಚಿಬಿಡೋಣ ಎನ್ನಿಸುತ್ತದೆ. ಒಬ್ಬನೇ ಮನುಷ್ಯನಲ್ಲಿ ಇವೆರಡೂ ಹೇಗೆ ಇದ್ದವು?

ನನಗೆ ತೋರುವ ಸಮಾಧಾನ ಇದು. ಗುಬ್ಬಿಯ ಬೀದಿಯಲ್ಲಿ ನಿಂತು ಮಾತನಾಡುವಾಗ ಎದುರಿಗೆ ಒಬ್ಬ ವರ್ತಕನೋ ಒಬ್ಬ ಜಂಗಮನೋ ಒಬ್ಬ ಶ್ಯಾನುಭೋಗನೋ ಇದ್ದ. ಅವನ ಮುಖ ಕಾಣುತ್ತಿತ್ತು. ಮಾತು ಹದ ತಪ್ಪಿದರೆ ಆ ಮುಖ ಸಣ್ಣದಾಗುವುದನ್ನು ನೋಡಬೇಕಾಗಿತ್ತು. ಪುಸ್ತಕ ಬರೆಯುವಾಗ ಎದುರಿಗೆ ಇದ್ದವರು ಇಂಗ್ಲೆಂಡಿನ ಭಕ್ತರು, ಮಿಷನ್ನಿಗೆ ಹಣ ಕೊಡುವವರು. ಗುಬ್ಬಿಯವನು ಆ ಪುಸ್ತಕವನ್ನು ಓದುತ್ತಾನೆಂದು ಬರೆದವರು ಎಣಿಸಿರಲಾರರು. ಕೇಳುವವನು ದೂರವಾದಾಗ ಮಾತಿನ ಸೌಜನ್ಯವೂ ದೂರವಾಯಿತು. ನಂಬದವನೊಡನೆ ಸೌಜನ್ಯದಿಂದ ಮಾತನಾಡಿದರಷ್ಟೇ ಸಾಲದು. ಅವನು ಇಲ್ಲದ ಕಡೆ ಅವನ ವಿಷಯವಾಗಿ ಹೇಗೆ ಮಾತನಾಡುತ್ತೇವೆ ಎಂಬುದರಲ್ಲಿ ನಮ್ಮ ಸೌಜನ್ಯದ ನಿಜ ತಿಳಿಯುತ್ತದೆ. ಆರ್ಥರರ ಜೀವನದಿಂದ ನಾನು ಕಲಿತ ಮುಖ್ಯ ಪಾಠ ಇದೇ. ಅದನ್ನು ಅವರ ಗುಣದಿಂದ ಅರ್ಧ, ಅವರ ಕೊರತೆಯಿಂದ ಅರ್ಧ ಕಲಿತೆ.

ಅವರ ಮುಂದಿನ ಬಾಳನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಇಂಗ್ಲೆಂಡಿಗೆ ಮರಳಿದ ಮೇಲೆ ಅವರು ಕೆಲವು ಕಾಲ ಲಂಡನ್ನಿನಲ್ಲಿಯೂ 1846ರಿಂದ ಫ್ರಾನ್ಸಿನಲ್ಲಿಯೂ ಸೇವೆ ಸಲ್ಲಿಸಿದರು. 1848ರ ಕ್ರಾಂತಿಯ ಕಾಲದಲ್ಲಿ ಅವರು ಪ್ಯಾರಿಸ್ಸಿನಲ್ಲಿದ್ದರು. 1851ರಲ್ಲಿ ವೆಸ್ಲಿಯನ್ ಮಿಷನರಿ ಸಂಘದ ಕಾರ್ಯದರ್ಶಿಗಳಲ್ಲಿ ಒಬ್ಬರಾದರು. ಲೋಕದ ನಾನಾ ದೇಶಗಳಲ್ಲಿದ್ದ ಮಿಷನ್ ಕೆಲಸದ ಹೊಣೆ ಅವರ ಮೇಲೆ ಬಿತ್ತು. 1868ರವರೆಗೂ ಅದನ್ನು ನಿರ್ವಹಿಸಿದರು. 1852ರಲ್ಲಿ ಒಬ್ಬ ಧರ್ಮಿಷ್ಠ ವರ್ತಕನ ಜೀವನವನ್ನು ‘ದಿ ಸಕ್ಸೆಸ್‌ಫುಲ್ ಮರ್ಚೆಂಟ್’ ಎಂಬ ಹೆಸರಿನಲ್ಲಿ ಬರೆದರು. 1856ರಲ್ಲಿ ಹೊರಬಂದ ‘ದಿ ಟಂಗ್ ಆಫ್ ಫೈರ್’ ಎಂಬ ಪುಸ್ತಕ ಅವರಿಗೆ ಎಲ್ಲಕ್ಕಿಂತ ಹೆಚ್ಚಿನ ಕೀರ್ತಿ ತಂದಿತು. ಬೋಧಕನ ಮಾತಿಗೆ ಬಲ ಎಲ್ಲಿಂದ ಬರುತ್ತದೆ ಎಂಬುದು ಅದರ ವಿಷಯ: ಪಾಂಡಿತ್ಯ, ವಾಗ್ಮಿತೆಗಳಿಂದಲ್ಲ, ಅಂತರಂಗಕ್ಕೆ ಇಳಿದು ಬಂದ ಪವಿತ್ರಾತ್ಮನಿಂದ ಎಂಬುದು ಅವರ ಸಿದ್ಧಾಂತ. ಗುಬ್ಬಿಯ ಸಂತೆಯಲ್ಲಿ ತಾವು ಕಲಿತ ಭಾಷೆಯೆಲ್ಲವನ್ನೂ ಖರ್ಚುಮಾಡಿ ನೋಡಿದ್ದವರು ಹೀಗೆ ಬರೆದದ್ದರಲ್ಲಿ ಆಶ್ಚರ್ಯವಿಲ್ಲ.

1866ರಲ್ಲಿ ಅವರು ವೆಸ್ಲಿಯನ್ ಮಹಾಸಭೆಯ ಅಧ್ಯಕ್ಷರಾದರು. 1868ರಲ್ಲಿ ಬೆಲ್‌ಫಾಸ್ಟ್ ನಗರದಲ್ಲಿ ಮೆಥಡಿಸ್ಟ್ ಕಾಲೇಜು ಆರಂಭವಾದಾಗ ಅದರ ಮೊದಲ ಮುಖ್ಯಸ್ಥರಾಗಿ ಮೂರು ವರ್ಷ ದುಡಿದರು. 1877ರಲ್ಲಿ ರೋಮಿನ ಪೋಪರ ಅಧಿಕಾರವನ್ನು ವಿಮರ್ಶಿಸುವ ದೊಡ್ಡ ಗ್ರಂಥವನ್ನು ಬರೆದರು. ಅವರ ಕಟುತ್ವ ಅನ್ಯಮತದವರಿಗೆ ಮಾತ್ರ ಮೀಸಲಾಗಿರದೆ ಕ್ರೈಸ್ತರಲ್ಲೇ ಬೇರೆ ಪಂಗಡದವರ ಕಡೆಗೂ ತಿರುಗಿತ್ತೆಂಬುದನ್ನು ಇದರಿಂದ ತಿಳಿಯಬಹುದು. 1901ರ ಮಾರ್ಚ್ 9ರಂದು ಫ್ರಾನ್ಸಿನ ಕಾನ್ ನಗರದಲ್ಲಿ, ತಮ್ಮ 82ನೆಯ ವಯಸ್ಸಿನಲ್ಲಿ, ಅವರು ತೀರಿಕೊಂಡರು. ಮರುವರ್ಷ ಅವರ ಮೈಸೂರಿನ ಪುಸ್ತಕ ಮತ್ತೆ ಅಚ್ಚಾಯಿತು. ಅದನ್ನು ಹೊರತಂದವರು ‘ವೃತ್ತಾಂತ ಪತ್ರಿಕೆ’ಯನ್ನು ಸ್ಥಾಪಿಸಿ ಕನ್ನಡಿಗರಿಗೆ ಪರಿಚಿತರಾಗಿದ್ದ ಹೆನ್ರಿ ಹೇಗ್ ಅವರು.

ಆರ್ಥರರು ಬಿಟ್ಟುಹೋದ ಕೆಲಸ ನಿಲ್ಲಲಿಲ್ಲ. ಹಾಡ್ಸನ್ನರು ಬಹುಕಾಲ ಮೈಸೂರು ಸೀಮೆಯಲ್ಲಿದ್ದು 1859ರಲ್ಲಿ ಕನ್ನಡ ವ್ಯಾಕರಣವೊಂದನ್ನು ಬರೆದರು. ಗುಬ್ಬಿಯ ಕಡೆಯ ಮತಾಂತರಗೊಂಡ ಮುದುಕನೊಬ್ಬನ ಕಥೆಯನ್ನೂ ಇಲ್ಲಿಯ ಹಳ್ಳಿಯ ಬಾಳನ್ನೂ ಕುರಿತು ‘ಓಲ್ಡ್ ಡೇನಿಯಲ್’ ಎಂಬ ಪುಸ್ತಕವನ್ನು 1877ರಲ್ಲಿ ಪ್ರಕಟಿಸಿದರು. ದೊರೆಗಳ ಇತಿಹಾಸದಲ್ಲಿ ಎಂದಿಗೂ ಸೇರದಿದ್ದ ಒಬ್ಬ ಹಳ್ಳಿಗನ ಬಾಳು ಹೀಗೆ ಪುಸ್ತಕವಾಯಿತು. ಅದೇ ಮಿಷನ್ನಿನ ಜಾನ್ ಗ್ಯಾರೆಟ್ಟರು ಬೆಂಗಳೂರಿನ ತಮ್ಮ ಅಚ್ಚುಕೂಟದಿಂದ 1849ರಲ್ಲಿ ಭಗವದ್ಗೀತೆಯನ್ನು ಸಂಸ್ಕೃತ, ಕನ್ನಡ, ಇಂಗ್ಲಿಷ್ ಮೂರರಲ್ಲಿಯೂ ಮುದ್ರಿಸಿ ಹೊರತಂದರು. ಅನ್ಯಮತದ ಗ್ರಂಥವನ್ನು ತನ್ನ ಅಚ್ಚುಮೊಳೆಗಳಿಂದ ಮುದ್ರಿಸುವುದೂ ಒಂದು ಬಗೆಯ ಗೌರವವೇ. ಇದಕ್ಕೂ ಮುಂದೆ ಹೋದವರು ಬಾಸೆಲ್ ಮಿಷನ್ನಿನ ಫರ್ಡಿನಂಡ್ ಕಿಟ್ಟೆಲರು. 1862ರಲ್ಲಿ ಅವರು ಕ್ರಿಸ್ತನ ಚರಿತ್ರೆಯನ್ನು ನಮ್ಮ ಷಟ್ಪದಿಗಳಿಗೆ ಒಗ್ಗಿಸಿ ‘ಕಥಾಮಾಲೆ’ಯನ್ನು ಬರೆದರು. ಆರ್ಥರರು ನಮ್ಮ ಮಾತನ್ನು ಕಲಿತರೆ ಕಿಟ್ಟೆಲರು ನಮ್ಮ ಹಾಡಿನ ಲಯವನ್ನೂ ಕಲಿತರು. ಕೇಳುವವನ ಮನೆಯೊಳಕ್ಕೆ ಇನ್ನೊಂದು ಹೆಜ್ಜೆ ಇಟ್ಟಂತಾಯಿತು.

1947ರಲ್ಲಿ ದಕ್ಷಿಣ ಭಾರತ ಸಭೆ ರೂಪುಗೊಂಡಾಗ ಈ ಭಾಗದ ಮೆಥಡಿಸ್ಟ್ ಸಭೆಗಳು ಅದರಲ್ಲಿ ಸೇರಿಹೋದವು. ಇಂದು ನಮ್ಮ ಜಿಲ್ಲೆಯ ಕ್ರೈಸ್ತರು ಸಂಖ್ಯೆಯಲ್ಲಿ ಅಲ್ಪರು. ನಮ್ಮವರೇ, ನಮ್ಮ ಭಾಷೆಯವರೇ, ನಮ್ಮೊಡನೆ ಒಂದೇ ಬೆಂಚಿನಲ್ಲಿ ಕುಳಿತು ಓದುವವರೇ. ಕಾಲ ತಿರುಗಿದೆ. ಅಂದು ಬಲವಿದ್ದ ಕಡೆಯಿಂದ ಬಂದ ಒಬ್ಬ ಕ್ರೈಸ್ತನು ನಮ್ಮೊಡನೆ ಹೇಗೆ ಮಾತನಾಡಬೇಕೆಂಬುದು ಪ್ರಶ್ನೆಯಾಗಿತ್ತು. ಇಂದು ಹೆಚ್ಚಿನ ಸಂಖ್ಯೆಯ ನಾವು ನಮ್ಮ ನಡುವಿನ ಕೆಲವೇ ಕ್ರೈಸ್ತ ಗೆಳೆಯರೊಡನೆ ಹೇಗೆ ಮಾತನಾಡುತ್ತೇವೆ ಎಂಬುದೂ ಅಷ್ಟೇ ದೊಡ್ಡ ಪ್ರಶ್ನೆ. ಅವರಲ್ಲೊಬ್ಬನು ತನ್ನ ನಂಬಿಕೆಯನ್ನು ಅಂಜದೆ ಹೇಳಿಕೊಳ್ಳುವಷ್ಟು, ನಾವು ಒಪ್ಪುವುದಿಲ್ಲವೆಂದು ಮನಸ್ಸು ನೋಯಿಸದೆ ಹೇಳುವಷ್ಟು ವಿಶ್ವಾಸ ನಮ್ಮ ನಡುವೆ ಇದೆಯೇ? ಕಾಲೇಜೆಂಬುದು ಅದಕ್ಕೆ ತಕ್ಕ ಸ್ಥಳವಲ್ಲದಿದ್ದರೆ ಮತ್ತಾವುದು?

ಆರ್ಥರರ ನಂಬಿಕೆಯನ್ನು ಗುಬ್ಬಿಯ ಬಹುಜನರು ಒಪ್ಪಲಿಲ್ಲ. ಆದರೆ ಅವರ ಮಾತನ್ನು ನಿಂತು ಕೇಳಿದರು, ಎದುರು ಮಾತನಾಡಿದರು, ಮರುವಾರ ಮತ್ತೆ ಸಂತೆಗೆ ಬಂದರು. ಅವರೂ ಮತ್ತೆ ಬಂದು ನಿಂತರು. ಆ ಮಾತುಕತೆಯಲ್ಲಿ ಗೆದ್ದವರು ಯಾರೆಂದು ನಿರ್ಣಯಿಸುವುದು ನನ್ನ ಕೆಲಸವಲ್ಲ. ಎರಡು ಕಡೆಯವರೂ ಒಬ್ಬರಿಗೊಬ್ಬರು ಕಿವಿಗೊಟ್ಟ ಆ ಎರಡು ವರ್ಷಗಳು ನಮ್ಮ ಊರಿನ ಚರಿತ್ರೆಯಲ್ಲಿ ನೆನಪಿಡತಕ್ಕವು ಎಂದಷ್ಟೇ ಹೇಳಿ, ಈ ಚಿಕ್ಕ ಲೇಖನವನ್ನು ಮುಗಿಸುತ್ತೇನೆ.